ಮಲಯಾಳಂ ಲಿಪಿಯ ಗಣಕಾಕ್ಷರಗಳು: ರೂಪ ಹಾಗೂ ಸಂಕೇತಗಳ ವಿವೇಚನೆ

ಮಲಯಾಳಂ ಭಾಷೆಯಲ್ಲಿ 'ನನ್ನ' ಎಂಬ ಅರ್ಥದ ಶಬ್ದ 'ಎನ್ಱೆ'. ಮಾತಿನಲ್ಲಿಯೂ ಬರಹದಲ್ಲಿಯೂ ಇದು ನಿತ್ಯವೂ ಬಳಕೆಯಾಗುವ ಶಬ್ದ. ಗಣಕದ ತೆರೆಯ ಮೇಲೆ ಇದನ್ನು ಓದುವವನಿಗೆ ಯಾವ ಸಂದೇಹವೂ ಹುಟ್ಟುವುದಿಲ್ಲ. ಆದರೆ ಅದೇ ಶಬ್ದವನ್ನು ದೊಡ್ಡದೊಂದು ಗ್ರಂಥಸಂಗ್ರಹದಲ್ಲಿ ಗಣಕದ ಸಹಾಯದಿಂದ ಹುಡುಕಹೊರಟವನು ಬೇಗನೆ ಒಂದು ತೊಡಕಿಗೆ ಸಿಕ್ಕುತ್ತಾನೆ. ಕಣ್ಣಿಗೆ ಒಂದೇ ಆಗಿ ಕಾಣುವ ಶಬ್ದ ಗಣಕದ ಒಳಗೆ ಒಂದಕ್ಕಿಂತ ಹೆಚ್ಚು ಬಗೆಯಲ್ಲಿ ಬರೆಯಲ್ಪಟ್ಟಿರುತ್ತದೆ. ಒಂದು ಬಗೆಯನ್ನು ಕೇಳಿದರೆ ಮಿಕ್ಕ ಬಗೆಗಳು ದೊರೆಯದೆ ಹೋಗಬಹುದು. ಶಬ್ದದ ಪ್ರಯೋಗಗಳನ್ನು ಎಣಿಸುವ ವ್ಯಾಕರಣಕಾರನಿಗೂ, ಉದಾಹರಣೆಗಳನ್ನು ಕೂಡಿಸುವ ನಿಘಂಟುಕಾರನಿಗೂ ಇದು ಸಣ್ಣ ಸಂಗತಿಯಲ್ಲ.

ಈ ತೊಡಕು ಹೇಗೆ ಬಂದಿತು, ಅದರ ಹೊಣೆ ಅಕ್ಷರಗಳ ರೂಪವನ್ನು ನಿರ್ಮಿಸಿದವರದೋ, ಸಂಕೇತಗಳನ್ನು ಗೊತ್ತುಪಡಿಸಿದವರದೋ ಎಂಬುದನ್ನು ಪ್ರಕೃತ ಲೇಖನದಲ್ಲಿ ವಿಚಾರಿಸಲು ಉದ್ದೇಶಿಸಿದ್ದೇವೆ. ಗಣಕದಲ್ಲಿ ಒಂದು ಲಿಪಿ ನೆಲೆಗೊಳ್ಳಬೇಕಾದರೆ ಎರಡು ಕೆಲಸಗಳು ನಡೆಯಬೇಕು. ಪ್ರತಿಯೊಂದು ಅಕ್ಷರಕ್ಕೂ ಒಂದು ಸಂಖ್ಯೆಯನ್ನು ಕೊಡುವುದು ಮೊದಲನೆಯದು. ಇದನ್ನು ಸಂಕೇತವೆಂದು ಕರೆಯುತ್ತೇವೆ. ಆ ಸಂಖ್ಯೆಗಳ ಸಾಲನ್ನು ನೋಡಿ ತೆರೆಯ ಮೇಲೆ ತಕ್ಕ ಆಕೃತಿಯನ್ನು ಮೂಡಿಸುವುದು ಎರಡನೆಯದು. ಇದು ಫಾಂಟಿನ ಕೆಲಸ. ಮಲಯಾಳಂ ಲಿಪಿಯ ವಿಷಯದಲ್ಲಿ ಎರಡನೆಯ ಕೆಲಸ ಮೆಚ್ಚತಕ್ಕ ರೀತಿಯಲ್ಲಿ ನೆರವೇರಿದೆಯೆಂದೂ, ಮೊದಲನೆಯದರಲ್ಲಿ ಒಂದು ಮುಖ್ಯ ಸ್ಥಳದಲ್ಲಿ ದೋಷವುಂಟಾಗಿದೆಯೆಂದೂ ನಮ್ಮ ಅಭಿಪ್ರಾಯ. ರೂಪಕ್ಕೆ ಸೇರಿದ ವಿಷಯವನ್ನು ಸಂಕೇತವು ತನ್ನ ಮೇಲೆ ಹಾಕಿಕೊಂಡಾಗ, ಹಾಗೆ ಹಾಕಿಕೊಳ್ಳುವುದರ ಫಲವನ್ನು ಪೂರ್ತಿಯಾಗಿ ನೋಡದೆ ಹೋದದ್ದೇ ಈ ದೋಷಕ್ಕೆ ಕಾರಣ.

ಮೊದಲು ಹಿಂದಿನ ಕಥೆಯನ್ನು ಸಂಗ್ರಹವಾಗಿ ಹೇಳಬೇಕಾಗಿದೆ. 1678ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಪ್ರಕಟವಾಗತೊಡಗಿದ 'ಹೋರ್ತುಸ್ ಮಲಬಾರಿಕುಸ್' ಎಂಬ ಸಸ್ಯಗ್ರಂಥದಲ್ಲಿ ಮಲಯಾಳಂ ಅಕ್ಷರಗಳು ಚಿತ್ರದ ಫಲಕಗಳಲ್ಲಿ ಕೊರೆಯಲ್ಪಟ್ಟು ಬಂದಿವೆ. ಮೊಳೆಗಳಿಂದ ಅಚ್ಚಾದ ಮೊದಲ ಮಲಯಾಳಂ ಪುಸ್ತಕ 'ಸಂಕ್ಷೇಪವೇದಾರ್ಥಂ' 1772ರಲ್ಲಿ ರೋಮ್ ನಗರದಲ್ಲಿ ಹೊರಬಂದಿತು. ಕೇರಳದಲ್ಲಿ ಈ ಕೆಲಸಕ್ಕೆ ಸ್ಥಿರವಾದ ನೆಲೆ ಒದಗಿದುದು ಕೋಟ್ಟಯಂನಲ್ಲಿ, ಬೆಂಜಮಿನ್ ಬೈಲಿಯ ಕಾಲದಲ್ಲಿ. ಆತನ ಮುದ್ರಣಾಲಯದಿಂದ 1829ರಲ್ಲಿ ಹೊಸ ಒಡಂಬಡಿಕೆಯೂ 1846ರಲ್ಲಿ ಮಲಯಾಳಂ-ಇಂಗ್ಲಿಷ್ ನಿಘಂಟೂ ಪ್ರಕಟವಾದುವು. ಅದುವರೆಗೆ ಚೌಕಾಕಾರದ ಕಡೆಗೆ ವಾಲಿದ್ದ ಅಕ್ಷರಗಳಿಗೆ ಇಂದಿನ ಗುಂಡಗಿನ ರೂಪವನ್ನು ಕೊಟ್ಟ ಕೀರ್ತಿ ಬೈಲಿಯ ಮೊಳೆಗಳಿಗೆ ಸಲ್ಲುತ್ತದೆ. ಹೆರ್ಮನ್ ಗುಂಡರ್ಟರ ಪ್ರಸಿದ್ಧ ಮಲಯಾಳಂ-ಇಂಗ್ಲಿಷ್ ನಿಘಂಟು 1872ರಲ್ಲಿ ಅಚ್ಚಾದುದು ನಮ್ಮ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಎಂಬುದನ್ನೂ ಇಲ್ಲಿ ನೆನೆಯಬಹುದು.

ಮೊಳೆ ಜೋಡಿಸುವವರಿಗೆ ಈ ಲಿಪಿ ಸುಲಭವಾದುದಾಗಿರಲಿಲ್ಲ. ಕನ್ನಡದಲ್ಲಿ ನಾವು ಎರಡನೆಯ ವ್ಯಂಜನವನ್ನು ಒತ್ತಾಗಿ ಕೆಳಗೆ ಬರೆಯುತ್ತೇವೆ. ಮಲಯಾಳದಲ್ಲಿ ಹಾಗೆ ಕೆಳಗೆ ಬರೆಯುವ ಕ್ರಮವೂ ಉಂಟು. ಎರಡು ಅಕ್ಷರಗಳು ಪಕ್ಕಪಕ್ಕದಲ್ಲಿ ಬೆಸೆದು ಹೊಸದೊಂದು ಆಕೃತಿಯಾಗುವ ಕ್ರಮವೂ ಉಂಟು. ಇದಲ್ಲದೆ ಉಕಾರ, ಊಕಾರ, ಋಕಾರಗಳ ಚಿಹ್ನೆಗಳು ವ್ಯಂಜನದ ಮೈಗೆ ಅಂಟಿಕೊಂಡು, ವ್ಯಂಜನದಿಂದ ವ್ಯಂಜನಕ್ಕೆ ಬೇರೆ ಬೇರೆ ರೂಪವನ್ನು ತಾಳುತ್ತಿದ್ದುವು. ಎಲ್ಲವನ್ನೂ ಎಣಿಸಿದರೆ ಮೊಳೆಗಳ ಸಂಖ್ಯೆ 900ರ ಸಮೀಪಕ್ಕೆ ಹೋಗುತ್ತಿತ್ತು. ಬೆರಳಚ್ಚು ಯಂತ್ರದಲ್ಲಿ ಇಷ್ಟಕ್ಕೆ ಎಡೆಯೆಲ್ಲಿ? ಆದುದರಿಂದ ಶೂರನಾಡ್ ಕುಂಞನ್ ಪಿಳ್ಳೆಯವರ ನೇತೃತ್ವದ ಸಮಿತಿಯ ಸಲಹೆಗಳನ್ನು ಅನುಸರಿಸಿ ಕೇರಳ ಸರ್ಕಾರ ಲಿಪಿಸುಧಾರಣೆಯ ಆಜ್ಞೆಯನ್ನು ಹೊರಡಿಸಿತು. ಅದು 1971ರ ಏಪ್ರಿಲ್ 15ರಿಂದ ಜಾರಿಗೆ ಬಂದಿತು. ಉಕಾರಾದಿ ಚಿಹ್ನೆಗಳು ವ್ಯಂಜನದಿಂದ ಬೇರ್ಪಟ್ಟು ಬಲಕ್ಕೆ ಸರಿದುವು. ರಕಾರದ ಒತ್ತು ಪ್ರತ್ಯೇಕವಾದ ಗುರುತಾಗಿ ಎಡಕ್ಕೆ ಬಂದಿತು. ವಿರಳವಾದ ಕೂಟಾಕ್ಷರಗಳು ಒಡೆದು, ನಡುವೆ 'ಚಂದ್ರಕ್ಕಲ' ಎಂಬ ವಿರಾಮಚಿಹ್ನೆಯನ್ನು ಪಡೆದುವು. ಆಕೃತಿಗಳ ಸಂಖ್ಯೆ ಸುಮಾರು 90ಕ್ಕೆ ಇಳಿಯಿತು.

ಈ ಸುಧಾರಣೆಯನ್ನು ಹಳಿಯುವುದು ಇಂದು ಸುಲಭ. ಆದರೆ ಆ ಕಾಲದ ಯಂತ್ರಗಳನ್ನು ಮರೆತು ತೀರ್ಪು ಹೇಳುವುದು ನ್ಯಾಯವಲ್ಲ. ಪತ್ರಿಕೆಗಳು ಬೇಗ ಹೊರಡಬೇಕಾಗಿದ್ದುವು. ಕಚೇರಿಗಳಲ್ಲಿ ಬೆರಳಚ್ಚು ನಡೆಯಬೇಕಾಗಿತ್ತು. ನಾವು ಗಮನಿಸಬೇಕಾದುದು ಬೇರೊಂದು ಅಂಶ. ಸುಧಾರಣೆಯಾದುದು ಅಚ್ಚಿಗಾಗಿ, ಜನರು ಕೈಬರಹದಲ್ಲಿ ಹಳೆಯ ಕೂಟಾಕ್ಷರಗಳನ್ನು ಬಿಟ್ಟುಬಿಡಲಿಲ್ಲ. ಅಚ್ಚಿನಲ್ಲಿಯೂ ಒಬ್ಬೊಬ್ಬರು ಒಂದೊಂದು ಮಟ್ಟದಲ್ಲಿ ನಿಂತರು. ಹೀಗೆ ಒಂದೇ ಶಬ್ದಕ್ಕೆ ಹಲವು ರೂಪಗಳು ಬಳಕೆಯಲ್ಲಿ ಉಳಿದುವು. ಆದರೂ ಓದುವವನ ಮನಸ್ಸಿನಲ್ಲಿ ಶಬ್ದ ಒಂದೇ ಆಗಿತ್ತು. ಉಕಾರ ಕೆಳಗಿದ್ದರೂ ಬಲಕ್ಕಿದ್ದರೂ 'ಕು' ಎಂಬುದು 'ಕು'ವೇ. ಈ ಐಕ್ಯವನ್ನು ಯಂತ್ರವೂ ತಿಳಿಯುವಂತೆ ಮಾಡುವುದೇ ಮುಂದೆ ಬಂದ ಕಾಲದ ಸಮಸ್ಯೆಯಾಯಿತು.

ಗಣಕ ಬಂದ ಹೊಸದರಲ್ಲಿ ಈ ಸಮಸ್ಯೆ ಬಗೆಹರಿಯುವುದಕ್ಕೆ ಬದಲಾಗಿ ಹೆಚ್ಚಿತು. ಆಗಿನ ಫಾಂಟುಗಳಲ್ಲಿ ಒಟ್ಟು 256 ಸ್ಥಾನಗಳು ಮಾತ್ರ. ಅವುಗಳಲ್ಲಿ ಕೆಲವು ಯಂತ್ರದ ಸ್ವಂತ ಉಪಯೋಗಕ್ಕೆ ಮೀಸಲು. ಇಂಗ್ಲಿಷ್ ಅಕ್ಷರಗಳಿಗಾಗಿ ಇದ್ದ ಸ್ಥಾನಗಳಲ್ಲಿ ಮಲಯಾಳಂ ಆಕೃತಿಗಳನ್ನು ಕೂರಿಸುವುದು ವಾಡಿಕೆಯಾಯಿತು. ಯಾವ ಸ್ಥಾನದಲ್ಲಿ ಯಾವ ಆಕೃತಿ ಎಂಬುದನ್ನು ಒಬ್ಬೊಬ್ಬ ತಯಾರಕನೂ ತನಗೆ ತೋರಿದಂತೆ ಗೊತ್ತುಪಡಿಸಿದನು. ಒಂದು ಫಾಂಟಿನಲ್ಲಿ ಬರೆದ ಲೇಖನವನ್ನು ಮತ್ತೊಂದರಲ್ಲಿ ತೆರೆದರೆ ಅರ್ಥವಿಲ್ಲದ ಅಕ್ಷರಗಳ ರಾಶಿ ಕಾಣುತ್ತಿತ್ತು. ಕನ್ನಡದಲ್ಲಿಯೂ ಆ ದಿನಗಳನ್ನು ಕಂಡವರು ನಮ್ಮಲ್ಲಿ ಬಹುಮಂದಿ ಇದ್ದಾರೆ. ಇಲ್ಲಿ ಶೇಖರವಾಗುತ್ತಿದ್ದುದು ಅಕ್ಷರವಲ್ಲ, ಅಕ್ಷರದ ಚೂರು. ಸಂಕೇತವೂ ರೂಪವೂ ಒಂದೇ ಆಗಿಬಿಟ್ಟಿದ್ದುವು.

ಇಂಥ ಸಂದರ್ಭದಲ್ಲಿ, 1999ರಲ್ಲಿ, 'ರಚನ' ಎಂಬ ಹೆಸರಿನ ಚಳವಳಿ ಹುಟ್ಟಿತು. ಆರ್. ಚಿತ್ರಜಕುಮಾರ್ ಅವರು ಇದರ ಮುಂದಾಳು. ಅಕ್ಷರಗಳನ್ನು ರೂಪಿಸಿದವರು ಕೆ. ಎಚ್. ಹುಸೇನ್ ಅವರು. ಇವರ ವಾದ ಸರಳವಾದುದು. 1971ರಲ್ಲಿ ಲಿಪಿಯನ್ನು ಕತ್ತರಿಸಿದ್ದು ಯಂತ್ರದ ಮಿತಿಗಾಗಿ. ಗಣಕದಲ್ಲಿ ಆ ಮಿತಿ ಇಲ್ಲ. ಆದುದರಿಂದ ಕತ್ತರಿಸಿದ್ದನ್ನು ಮರಳಿ ಕೂಡಿಸಬಹುದು. ವಾದವನ್ನು ಮಾತಿನಲ್ಲಿಯೇ ಬಿಡದೆ, ಬಳಕೆಯಲ್ಲಿದ್ದ ಕೂಟಾಕ್ಷರಗಳನ್ನು ಕಲೆಹಾಕಿ, 900ಕ್ಕೂ ಮೀರಿದ ಆಕೃತಿಗಳ ಸಮುದಾಯವನ್ನು ಇವರು ಸಿದ್ಧಪಡಿಸಿದರು. ಯಂತ್ರಕ್ಕಾಗಿ ಲಿಪಿಯನ್ನು ತಿದ್ದುವುದಕ್ಕೆ ಬದಲಾಗಿ ಲಿಪಿಗಾಗಿ ಯಂತ್ರವನ್ನು ಹದಗೊಳಿಸಬಹುದೆಂಬುದು ಇದರಿಂದ ಪ್ರತ್ಯಕ್ಷವಾಯಿತು.

ಇದು ಪೂರ್ತಿಯಾಗಿ ಕೈಗೂಡಬೇಕಾದರೆ ಸಂಕೇತದ ಪದ್ಧತಿಯೂ ಬದಲಾಗಬೇಕಾಗಿತ್ತು. ಆ ಬದಲಾವಣೆಗೆ ತಳಹದಿ ಆ ಮೊದಲೇ ಸಿದ್ಧವಾಗಿತ್ತು. ಭಾರತೀಯ ಲಿಪಿಗಳಿಗಾಗಿ 1988ರಲ್ಲಿ ಗೊತ್ತಾದ ಸಂಕೇತಕ್ರಮವನ್ನು ಮಾದರಿಯಾಗಿಟ್ಟುಕೊಂಡು, 1991ರಲ್ಲಿ ಪ್ರಕಟವಾದ ಯೂನಿಕೋಡ್ ಪ್ರತಿಯೊಂದು ಲಿಪಿಗೂ 128 ಸ್ಥಾನಗಳ ಮನೆಯೊಂದನ್ನು ಕೊಟ್ಟಿತು. 3200ರಿಂದ 3327ರವರೆಗೆ ಕನ್ನಡದ ಮನೆ. ಅದರ ಪಕ್ಕದಲ್ಲಿಯೇ 3328ರಿಂದ 3455ರವರೆಗೆ ಮಲಯಾಳದ ಮನೆ. ಕನ್ನಡದ ಕಕಾರ 3221. ಅದಕ್ಕೆ 128 ಕೂಡಿಸಿದರೆ ಮಲಯಾಳದ ಕಕಾರ 3349. ಒಂದೇ ವರ್ಣಮಾಲೆಯ ಒಕ್ಕಲುಗಳು ಹೀಗೆ ಒಂದೇ ಕ್ರಮದಲ್ಲಿ ಕುಳಿತಿವೆ. ಈ ಪದ್ಧತಿಯಲ್ಲಿ ಕೂಟಾಕ್ಷರಕ್ಕೆ ಪ್ರತ್ಯೇಕ ಸಂಖ್ಯೆ ಇಲ್ಲ. ವ್ಯಂಜನ, ಚಂದ್ರಕ್ಕಲ, ವ್ಯಂಜನ ಎಂದು ಉಚ್ಚಾರಣೆಯ ಕ್ರಮದಲ್ಲಿ ಬರೆದಿಟ್ಟರೆ ಸಾಕು. ಅದನ್ನು ಬೆಸೆದು ತೋರಿಸಬೇಕೋ ಒಡೆದು ತೋರಿಸಬೇಕೋ ಎಂಬುದು ಫಾಂಟಿಗೆ ಬಿಟ್ಟ ವಿಷಯ.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಮಲಯಾಳದಲ್ಲಿ ಎಕಾರದ ಚಿಹ್ನೆ ವ್ಯಂಜನದ ಎಡಗಡೆಗೆ ಬರುತ್ತದೆ. ಆದರೂ ಸಂಕೇತದಲ್ಲಿ ಅದರ ಸ್ಥಾನ ವ್ಯಂಜನದ ಅನಂತರವೇ. ಅದನ್ನು ಎಡಕ್ಕೆ ಸಾಗಿಸುವುದು ತೋರಿಕೆಯ ಹಂತದಲ್ಲಿ ನಡೆಯುವ ಕೆಲಸ. ಈಗ 'ಷ್ಟೆ' ಎಂಬ ಅಕ್ಷರವನ್ನು ತೆಗೆದುಕೊಳ್ಳೋಣ. ಫಾಂಟಿನಲ್ಲಿ ಷಕಾರ ಟಕಾರಗಳು ಬೆಸೆದ ಆಕೃತಿ ಇದ್ದರೆ ಎಕಾರದ ಚಿಹ್ನೆ ಇಡೀ ಕೂಟದ ಎಡಕ್ಕೆ ನಿಲ್ಲುತ್ತದೆ. ಆ ಆಕೃತಿ ಇಲ್ಲದಿದ್ದರೆ ಷಕಾರವು ಚಂದ್ರಕ್ಕಲವನ್ನು ಹೊತ್ತು ಮೊದಲು ನಿಂತು, ಚಿಹ್ನೆಯು ಟಕಾರದ ಎಡಕ್ಕೆ ಬರುತ್ತದೆ. ಕಣ್ಣಿಗೆ ಎರಡೂ ಬೇರೆ. ಒಳಗಿನ ಸಂಖ್ಯೆಗಳ ಸಾಲು ಒಂದೇ. ಎಂದರೆ, 1971ರ ಹಳೆಲಿಪಿ ಹೊಸಲಿಪಿಗಳ ವ್ಯಾಜ್ಯವೆಲ್ಲ ಸಂಕೇತದ ದೃಷ್ಟಿಯಿಂದ ಇಲ್ಲವೇ ಆಯಿತು. ಒಂದೇ ಲೇಖನವನ್ನು ಅಜ್ಜನು ಹಳೆಯ ಲಿಪಿಯ ಫಾಂಟಿನಲ್ಲಿಯೂ ಮೊಮ್ಮಗನು ಹೊಸ ಲಿಪಿಯ ಫಾಂಟಿನಲ್ಲಿಯೂ ಓದಬಹುದು. ಸಂಕೇತವನ್ನೂ ರೂಪವನ್ನೂ ಬೇರ್ಪಡಿಸಿದ್ದರ ಅತಿ ದೊಡ್ಡ ಲಾಭ ಇದೇ ಎಂದು ನಾವು ಭಾವಿಸುತ್ತೇವೆ.

ಈ ನೆಲೆಯಲ್ಲಿ ನಿಂತು ಕೆಲವು ಫಾಂಟುಗಳ ಗುಣದೋಷಗಳನ್ನು ವಿವೇಚಿಸಬಹುದು. ಹುಸೇನ್ ಅವರ 'ರಚನ' ಮೂಲತಃ ಪುಸ್ತಕದ ಅಕ್ಷರ. ಗೆರೆಯಲ್ಲಿ ದಪ್ಪ ತೆಳುವುಗಳ ಭೇದವಿದೆ, ಕೂಟಾಕ್ಷರಗಳು ಪೂರ್ಣವಾಗಿವೆ, ಕಾಗದದ ಮೇಲೆ ಅದರ ಪುಟ ತುಂಬಿ ಶೋಭಿಸುತ್ತದೆ. ತೆರೆಯ ಮೇಲೆ, ಅದರಲ್ಲಿಯೂ ಸಣ್ಣ ಅಳತೆಯಲ್ಲಿ, ತೆಳುಗೆರೆ ಮಸುಕಾಗುವ ಸಂಭವವುಂಟು. ಅದೇ ಶಿಲ್ಪಿಯ 'ಮೀರ' ಈ ಕೊರತೆಯನ್ನು ತುಂಬುತ್ತದೆ. ಅದರಲ್ಲಿ ದಪ್ಪ ತೆಳುವುಗಳ ಅಂತರ ಕಡಿಮೆ. ತೆರೆಯ ಮೇಲೆ ಅಕ್ಷರ ಗಟ್ಟಿಯಾಗಿ ನಿಲ್ಲುತ್ತದೆ. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ, ಪುಸ್ತಕಕ್ಕೆ ಒಪ್ಪುವ ಅಕ್ಷರವೇ ತೆರೆಗೂ ಒಪ್ಪಬೇಕೆಂಬ ನಿಯಮವಿಲ್ಲವೆಂಬುದನ್ನು ಶಿಲ್ಪಿ ಬಲ್ಲವರೆಂದು ತಿಳಿದುಬರುತ್ತದೆ.

'ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್' ಎಂಬ ಸ್ವಯಂಸೇವಕರ ಬಳಗ 2016ರಲ್ಲಿ ಪ್ರಕಟಿಸಿದ 'ಮಂಜರಿ' ಬೇರೊಂದು ದಾರಿಯನ್ನು ಹಿಡಿದಿದೆ. ಇದರ ಶಿಲ್ಪಿ ಸಂತೋಷ್ ತೋಟ್ಟಿಂಗಲ್ ಅವರು. ಗೆರೆ ಒಂದೇ ದಪ್ಪದ್ದು, ತುದಿಗಳು ಗುಂಡಗೆ, ಬಾಗುಗಳೆಲ್ಲವೂ ಸುರುಳಿಯ ಗಣಿತವನ್ನು ಅನುಸರಿಸಿದುವು. ಇಂಥ ಬಾಗುಗಳ ಸ್ವರೂಪವನ್ನು ರಾಫ್ ಲೆವಿಯನ್ ಅವರು 2009ರ ತಮ್ಮ ಮಹಾಪ್ರಬಂಧದಲ್ಲಿ ವಿವರಿಸಿದ್ದರು. ಸುರುಳಿಯಲ್ಲಿ ಬಾಗುವಿಕೆ ಒಮ್ಮೆಗೇ ಬದಲಾಗದೆ ಕ್ರಮಕ್ರಮವಾಗಿ ಏರಿ ಇಳಿಯುವುದರಿಂದ, ಒಂದು ಬಾಗು ಮತ್ತೊಂದಕ್ಕೆ ಸೇರುವ ಸ್ಥಳದಲ್ಲಿ ಗಂಟು ಕಾಣುವುದಿಲ್ಲ. ಸುತ್ತುಗಳಿಂದಲೇ ಆದ ಮಲಯಾಳಂ ಅಕ್ಷರಕ್ಕೆ ಈ ಉಪಾಯ ಎಷ್ಟು ಸಹಜವೆಂಬುದನ್ನು ಕಣ್ಣೇ ಹೇಳುತ್ತದೆ. ತಾಳೆಗರಿಯ ಮೇಲೆ ಕಂಟದಿಂದ ಎಳೆದ ಗೆರೆಗೂ ದಪ್ಪ ತೆಳುವುಗಳ ಭೇದವಿರಲಿಲ್ಲ. ಅಂದಿನ ಸರಾಗ ಇಲ್ಲಿ ಹೊಸ ಸಾಧನದಿಂದ ಮರಳಿ ಬಂದಂತಿದೆ. ಆದರೆ ಒಂದು ಆಕ್ಷೇಪಣೆಯನ್ನೂ ಹೇಳಬೇಕು. ಮಲಯಾಳದ ಥಕಾರ ಫಕಾರಗಳಂತಹ ಅಕ್ಷರಗಳಿಗೆ ಭೇದ ಅಲ್ಪವಾದುದು. ಗೆರೆಯೆಲ್ಲವೂ ಏಕರೂಪವಾಗಿ ಮೃದುವಾದಾಗ, ಸಣ್ಣ ಅಳತೆಯಲ್ಲಿ ಇಂಥ ಜೋಡಿಗಳು ಇನ್ನಷ್ಟು ಹತ್ತಿರ ಬರುತ್ತವೆ. ದೀರ್ಘವಾದ ಓದಿಗಿಂತ ಶೀರ್ಷಿಕೆಗಳಿಗೂ ಕಿರುಬರಹಗಳಿಗೂ 'ಮಂಜರಿ' ಹೆಚ್ಚು ಒಪ್ಪುವುದೆಂದು ನಮಗೆ ತೋರುತ್ತದೆ.

ಹಳೆಯ ಲಿಪಿಯ ಎಲ್ಲ ಫಾಂಟುಗಳಿಗೂ ಸಮಾನವಾದ ಕಷ್ಟವೊಂದಿದೆ. ಅಕ್ಷರದ ಕೆಳಗೆ ಅಕ್ಷರ, ಅದರ ಕೆಳಗೆ ಉಕಾರ ಎಂದು ಕೂಟವು ಕೆಳಕ್ಕೆ ಇಳಿಯುತ್ತದೆ. ಇಂಗ್ಲಿಷಿನ ಅಳತೆಯನ್ನೇ ನೋಡಿ ಸಾಲುಗಳ ಅಂತರವನ್ನು ಗೊತ್ತುಮಾಡಿದ ತೆರೆಗಳಲ್ಲಿ ಅದರ ಬುಡ ಕತ್ತರಿಸಿಹೋಗುತ್ತದೆ. ಕೂಟವನ್ನು ಕುಗ್ಗಿಸಿ ಸಾಲಿನೊಳಗೆ ಹಿಡಿಸಿದರೆ ಓದು ಕಷ್ಟ; ಸಾಲುಗಳನ್ನು ದೂರವಿಟ್ಟರೆ ಪುಟ ಸಡಿಲ. 'ರಚನ'ದವರು ಹಳೆಯ ಲಿಪಿಯನ್ನು ಮಲಯಾಳದ ಮೂಲರೂಪವೆಂದು ಹೇಳುವಾಗಲೂ ಸ್ವಲ್ಪ ಎಚ್ಚರ ಬೇಕು. ಅವರು ಉಳಿಸಿದ ರೂಪದಲ್ಲಿ 19ನೆಯ ಶತಮಾನದ ಮೊಳೆಗಳ ಛಾಯೆ ಬಲವಾಗಿದೆ. ಬೈಲಿಯ ಮೊಳೆಗಳೂ ಒಂದು ಯಂತ್ರದ ಕೂಸುಗಳೇ. ಲಿಪಿಗೆ ಚರಿತ್ರೆಯುಂಟು, ಕಾಲವನ್ನು ಮೀರಿದ ಮೂಲವೊಂದು ಅದಕ್ಕಿದೆಯೆನ್ನುವುದು ಅಷ್ಟು ಸುಲಭವಲ್ಲ. ಆದರೂ ಜನರ ಕೈಬರಹದಲ್ಲಿ ಬದುಕಿದ್ದುದನ್ನು ತೆರೆಯ ಮೇಲೆ ತಂದ ಶ್ರೇಯಸ್ಸು ಅವರದು. 2022ರಲ್ಲಿ ಕೇರಳ ಸರ್ಕಾರವೇ ಹಳೆಯ ಲಿಪಿಯ ಕೆಲವು ಕೂಟಾಕ್ಷರಗಳ ಕಡೆಗೆ ಮರಳಲು ಒಪ್ಪಿದುದನ್ನು ನೋಡಿದರೆ, ಆ ಶ್ರಮ ವ್ಯರ್ಥವಾಗಲಿಲ್ಲವೆನ್ನಬೇಕು.

ಇನ್ನು ದೋಷದ ಮಾತಿಗೆ ಬರೋಣ. ಮಲಯಾಳದಲ್ಲಿ 'ಚಿಲ್ಲು' ಎಂಬ ಕೆಲವು ಅಕ್ಷರಗಳುಂಟು. ಸ್ವರವಿಲ್ಲದ ಣ್, ನ್, ರ್, ಲ್, ಳ್ ಎಂಬ ವ್ಯಂಜನಗಳಿಗೆ, ವಿರಳವಾಗಿ ಕ್ ಎಂಬುದಕ್ಕೂ, ಅಲ್ಲಿ ಪ್ರತ್ಯೇಕ ಆಕೃತಿಗಳಿವೆ. 'ಅವನು' ಎಂಬರ್ಥದ 'ಅವನ್' ಎಂಬ ಶಬ್ದದ ಕೊನೆಯಲ್ಲಿ ಬರುವುದು ಚಿಲ್ಲು. ಆದರೆ ಚಂದ್ರಕ್ಕಲಕ್ಕೆ ಮಲಯಾಳದಲ್ಲಿ ಎರಡು ಕೆಲಸ. ಕೂಟಾಕ್ಷರವನ್ನು ಒಡೆದಾಗ ಅದು ಬರಿಯ ವಿರಾಮ. ಶಬ್ದದ ಕೊನೆಯಲ್ಲಿ ಅದು ಸಂವೃತ ಉಕಾರ ಎಂಬ ಅರೆಸ್ವರದ ಗುರುತು. 'ಅವನಿಗೆ' ಎಂಬ ಚತುರ್ಥಿಯ ರೂಪವನ್ನು ನಕಾರದ ಮೇಲೆ ಚಂದ್ರಕ್ಕಲವನ್ನಿಟ್ಟು ಬರೆಯುತ್ತಾರೆ. ಹೀಗೆ ಚಿಲ್ಲು ಇದ್ದರೆ 'ಅವನು', ಚಂದ್ರಕ್ಕಲ ಇದ್ದರೆ 'ಅವನಿಗೆ'. ವಿಭಕ್ತಿಯೇ ಬದಲಾಗುವಷ್ಟು ಈ ಭೇದ ಮುಖ್ಯವಾದುದು.

ಯೂನಿಕೋಡಿನ ಮೊದಲ ಪದ್ಧತಿಯಲ್ಲಿ ಚಿಲ್ಲಿಗೆ ಸ್ವಂತ ಸಂಖ್ಯೆ ಇರಲಿಲ್ಲ. ನಕಾರದ 3368, ಚಂದ್ರಕ್ಕಲದ 3405, ಇವುಗಳ ಮುಂದೆ 8205 ಎಂಬ ಅಗಲವಿಲ್ಲದ ಜೋಡಣೆಯ ಗುರುತು. ಮೂರೂ ಸೇರಿದರೆ ಚಿಲ್ಲು. ಕೊನೆಯ ಗುರುತು ಕಣ್ಣಿಗೆ ಕಾಣುವುದಿಲ್ಲ. ಅದು ತೋರಿಕೆಗೆ ಸಂಬಂಧಿಸಿದ ಸೂಚನೆ ಮಾತ್ರವೆಂದು ಎಣಿಕೆ. ಇಲ್ಲಿಯೇ ತೊಡಕು ಹುಟ್ಟಿತು. ತೋರಿಕೆಯ ಸೂಚನೆಗಳನ್ನು ಅಳಿಸಿಬಿಡಲು ಯಂತ್ರಗಳಿಗೆ ಅನುಮತಿಯುಂಟು. 2003ರಲ್ಲಿ ಪ್ರಕಟವಾದ, ಅಂತರಜಾಲದ ವಿಳಾಸಗಳನ್ನು ಇಂಗ್ಲಿಷೇತರ ಲಿಪಿಗಳಲ್ಲಿ ಬರೆಯುವ ನಿಯಮ ಹಾಗೆಯೇ ಮಾಡುತ್ತಿತ್ತು. ಆ ಗುರುತು ಅಳಿದರೆ 'ಅವನು' ಎಂಬುದು 'ಅವನಿಗೆ' ಎಂದಾಗುತ್ತದೆ. ಮತ್ತೊಂದು ಆಕ್ಷೇಪಣೆಯೂ ಇತ್ತು. ಚಿಲ್ಲಿನ ಮೂಲ ವ್ಯಂಜನ ಯಾವುದೆಂಬುದು ಎಲ್ಲ ಕಡೆಯೂ ನಿಶ್ಚಿತವಲ್ಲ. 'ಅವರ್' ಎಂಬುದು ವಿಭಕ್ತಿ ಸೇರಿದಾಗ 'ಅವರೆ' ಎಂದು ರಕಾರವನ್ನು ತೋರುತ್ತದೆ. 'ಕಾರ್' ಎಂಬ ವಾಹನದ ಹೆಸರು 'ಕಾಱಿಲ್' ಎಂದು ಱಕಾರವನ್ನು ತೋರುತ್ತದೆ. ಚಿಲ್ಲು ಮಾತ್ರ ಎರಡಕ್ಕೂ ಒಂದೇ. ಆದುದರಿಂದ ಚಿಲ್ಲು ಸ್ವತಂತ್ರವಾದ ಅಕ್ಷರವೆಂದೂ ಅದಕ್ಕೆ ಸ್ವಂತ ಸಂಖ್ಯೆ ಬೇಕೆಂದೂ ಒಂದು ಪಕ್ಷದವರು ವಾದಿಸಿದರು.

ಎದುರು ಪಕ್ಷದಲ್ಲಿ 'ರಚನ'ದವರೂ ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಬಳಗದವರೂ ಇದ್ದರು. ಚಿಲ್ಲು ವ್ಯಂಜನದ ಒಂದು ರೂಪವೇ ಹೊರತು ಬೇರೆ ಅಕ್ಷರವಲ್ಲ. ರೂಪಕ್ಕೆ ಸಂಖ್ಯೆ ಕೊಡುವುದು ಯೂನಿಕೋಡಿನ ತತ್ತ್ವಕ್ಕೇ ವಿರುದ್ಧ. ಮೇಲಾಗಿ ಒಂದೇ ಅಕ್ಷರಕ್ಕೆ ಹಳೆಯ ಮತ್ತು ಹೊಸ ಎರಡು ಬರವಣಿಗೆಗಳಾಗಿ, ಕಣ್ಣಿಗೆ ಕಾಣದ ಇಬ್ಬಗೆ ಭಾಷೆಯಲ್ಲಿ ನೆಲೆಯಾಗುತ್ತದೆ ಎಂಬುದು ಈ ಪಕ್ಷದ ವಾದದ ಸಾರ. ವಾದಗಳು ವರ್ಷಗಟ್ಟಲೆ ನಡೆದು, ಕಡೆಗೆ 2008ರ ಏಪ್ರಿಲ್‌ನಲ್ಲಿ ಬಂದ ಯೂನಿಕೋಡ್ 5.1ರಲ್ಲಿ 3450ರಿಂದ 3455ರವರೆಗಿನ ಆರು ಸ್ಥಾನಗಳು ಆರು ಚಿಲ್ಲುಗಳಿಗೆ ಸಂದುವು.

ನಮ್ಮ ತೀರ್ಪೇನು? ಅರ್ಥಭೇದವನ್ನು ಮಾಡುವ ಅಕ್ಷರವು ಅಳಿಸಬಹುದಾದ, ಕಾಣದ ಗುರುತಿನ ಮೇಲೆ ನಿಲ್ಲಬಾರದೆಂಬ ಮೊದಲ ಪಕ್ಷದ ಮಾತು ತತ್ತ್ವತಃ ಸರಿಯಾದುದು. 'ಅವನು', 'ಅವನಿಗೆ' ಎಂಬ ಭೇದ ಬರಿಯ ರೂಪಭೇದವಲ್ಲ. ಆದರೆ ಪರಿಹಾರವನ್ನು ಜಾರಿಗೆ ತಂದ ರೀತಿ ಸರಿಯಲ್ಲ. ಹಳೆಯ ಮೂರು ಸಂಖ್ಯೆಗಳ ಸಾಲೂ ಹೊಸ ಒಂದು ಸಂಖ್ಯೆಯೂ ಸಮಾನವೆಂಬ ವಿಧಿಯನ್ನು ಯೂನಿಕೋಡ್ ಮಾಡಲಿಲ್ಲ. ಅಂಥ ವಿಧಿ ಇದ್ದಿದ್ದರೆ ಯಂತ್ರಗಳು ತಾವಾಗಿಯೇ ಎರಡನ್ನೂ ಒಂದೆಂದು ತಿಳಿಯುತ್ತಿದ್ದುವು. ಇಲ್ಲದುದರಿಂದ, 2008ಕ್ಕೆ ಮುಂಚೆ ಬರೆದ 'ಅವನ್' ಬೇರೆ, ಅನಂತರ ಬರೆದ 'ಅವನ್' ಬೇರೆ ಎಂದಾಯಿತು. ವಿಪರ್ಯಾಸವೆಂದರೆ, ವಿಳಾಸಗಳ ನಿಯಮವೂ 2010ರಲ್ಲಿ ಪರಿಷ್ಕಾರಗೊಂಡು, ಜೋಡಣೆಯ ಗುರುತನ್ನು ತಕ್ಕ ಸಂದರ್ಭದಲ್ಲಿ ಉಳಿಸಿಕೊಳ್ಳಲು ಎಡೆಗೊಟ್ಟಿತು. ಎರಡು ವರ್ಷ ಕಾದಿದ್ದರೆ ವಾದದ ಒಂದು ಕಾಲು ತಾನಾಗಿಯೇ ಬಿದ್ದುಹೋಗುತ್ತಿತ್ತು. ಯೂನಿಕೋಡ್ ಒಮ್ಮೆ ಕೊಟ್ಟ ಸಂಖ್ಯೆಯನ್ನು ಹಿಂತೆಗೆದುಕೊಳ್ಳುವುದಿಲ್ಲ; ಮೊಳೆಯನ್ನು ಕರಗಿಸಿ ಮತ್ತೆ ಎರಕ ಹೊಯ್ಯಬಹುದು, ಸಂಕೇತವನ್ನು ಹಾಗೆ ಮಾಡಲಾಗದು.

ಆರಂಭದಲ್ಲಿ ಹೇಳಿದ 'ಎನ್ಱೆ' ಶಬ್ದದಲ್ಲಿ ಈ ದೋಷ ಎದ್ದು ಕಾಣುತ್ತದೆ. ಅದರಲ್ಲಿ ನಕಾರದ ಕೆಳಗೆ ಱಕಾರ ಕೂಡುತ್ತದೆ. ಬಳಕೆಯಲ್ಲಿ ಇದನ್ನು ನಕಾರ, ಚಂದ್ರಕ್ಕಲ, ಱಕಾರ ಎಂದು, ಅಂದರೆ 3368, 3405, 3377 ಎಂದು ಬರೆಯುವವರುಂಟು. 2008ರ ನಿರ್ಣಯ ಚಿಲ್ಲು ನಕಾರದ 3451ನ್ನು ಮೊದಲಿಟ್ಟು 3451, 3405, 3377 ಎಂದು ಬರೆಯಹೇಳಿತು. ಚಂದ್ರಕ್ಕಲವನ್ನೇ ಬಿಟ್ಟು ಚಿಲ್ಲಿನ ಪಕ್ಕದಲ್ಲಿ ಱಕಾರವನ್ನಿಡುವ ಬರಹವೂ ಉಂಟು. ಆದರೆ 'ಹೆನ್ಱಿ' ಎಂಬ ಪರದೇಶದ ಹೆಸರಿನಲ್ಲಿ ಪಕ್ಕಪಕ್ಕದ ಈ ಎರಡು ಅಕ್ಷರಗಳಿಗೆ ಬೇರೆಯೇ ಉಚ್ಚಾರಣೆ. ಅಲ್ಲಿ ಅವು ಕೂಡುವುದಿಲ್ಲ. ಒಳ್ಳೆಯ ಫಾಂಟು ಮೊದಲ ಎರಡು ಬರಹಗಳಿಗೂ ಒಂದೇ ಆಕೃತಿಯನ್ನು ತೋರಿಸುತ್ತದೆ. ಓದುಗನಿಗೆ ಇದು ಉಪಕಾರ. ಸಂಶೋಧಕನಿಗೆ ಮಾತ್ರ ದೋಷವು ಇನ್ನಷ್ಟು ಮರೆಯಾಗುತ್ತದೆ. ಸಂಕೇತದ ತಪ್ಪನ್ನು ರೂಪವು ಮುಚ್ಚಬಲ್ಲುದು, ತಿದ್ದಲಾರದು.

ಈ ಮಾತು ನೆರೆಮನೆಯ ಸಂಗತಿಯೆಂದು ಕನ್ನಡಿಗರು ಸುಮ್ಮನಿರುವಂತಿಲ್ಲ. ನಮ್ಮ ವಿದ್ಯಾರ್ಥಿಗಳು ನಿತ್ಯ ಬಳಸುವ 'ರ‍್ಯಾಂಕ್' ಎಂಬ ಶಬ್ದವನ್ನೇ ನೋಡಬಹುದು. ರಕಾರವನ್ನು ಪೂರ್ಣವಾಗಿ ಬರೆದು ಯಕಾರವನ್ನು ಒತ್ತಾಗಿ ಇಡಬೇಕಾದರೆ ಅದೇ 8205ರ ಗುರುತನ್ನು ನಡುವೆ ಸೇರಿಸಬೇಕು. ಸೇರಿಸದಿದ್ದರೆ ಅರ್ಕಾವೊತ್ತಿನ 'ರ್ಯಾಂಕ್' ಬರುತ್ತದೆ. ಇಬ್ಬರೂ ಬರೆದದ್ದು ಒಂದೇ ಶಬ್ದ. ಕಾಣದ ಗುರುತನ್ನು ಲೆಕ್ಕಕ್ಕೆ ಹಿಡಿಯುವ ಯಂತ್ರಕ್ಕೆ ಎರಡು. ಇನ್ನೂ ಹತ್ತಿರದ ಉದಾಹರಣೆ ಹಳಗನ್ನಡದ ನಕಾರಪೊಳ್ಳು. ಹಳೆಯ ಬರಹಗಳಲ್ಲಿ ಸ್ವರವಿಲ್ಲದ ನಕಾರಕ್ಕೆ ಕಾಣಬರುವ ಈ ವಿಶಿಷ್ಟ ರೂಪಕ್ಕೆ 2021ರ ಯೂನಿಕೋಡ್ 14ರಲ್ಲಿ 3293 ಎಂಬ ಸ್ವಂತ ಸಂಖ್ಯೆ ದೊರೆತಿದೆ. ಶಾಸನಗಳನ್ನೂ ಓಲೆಪ್ರತಿಗಳನ್ನೂ ಇದ್ದಂತೆಯೇ ತೋರಿಸಬೇಕೆನ್ನುವವರಿಗೆ ಇದು ಉಪಯುಕ್ತವಾದುದೇ. ಆದರೆ ಇಲ್ಲಿಯೂ ಸಾಧಾರಣ ನಕಾರ ಹಲಂತಕ್ಕೂ ಪೊಳ್ಳಿಗೂ ಸಮಾನತೆಯ ವಿಧಿಯಿಲ್ಲ. ಮಲಯಾಳದ ಚಿಲ್ಲಿನಲ್ಲಿರುವಂಥ ಅರ್ಥಭೇದವೂ ಇಲ್ಲಿ ಇಲ್ಲ. ಒಬ್ಬ ಸಂಪಾದಕರು ಪಂಪನ ಕಾವ್ಯವನ್ನು ಪೊಳ್ಳಿನಿಂದಲೂ ಮತ್ತೊಬ್ಬರು ಹಲಂತದಿಂದಲೂ ಗಣಕಕ್ಕೆ ಇಳಿಸಿದರೆ, ನಕಾರಾಂತ ಶಬ್ದಗಳೆಲ್ಲ ಎರಡು ಪಾಲಾಗುವ ಭಯವುಂಟು.

ಆದುದರಿಂದ ಎರಡು ಸೂಚನೆಗಳನ್ನು ವಿನಯಪೂರ್ವಕವಾಗಿ ಮುಂದಿಡುತ್ತೇವೆ. ಪ್ರಾಚೀನ ಗ್ರಂಥಗಳನ್ನು ಗಣಕಕ್ಕೆ ಇಳಿಸುವವರು ತಾವು ಯಾವ ಅಕ್ಷರವನ್ನು ಯಾವ ಸಂಕೇತದಿಂದ ಬರೆದಿದ್ದೇವೆಂಬುದನ್ನು, ಪಾಠಾಂತರಗಳನ್ನು ಸೂಚಿಸುವಂತೆಯೇ, ಪೀಠಿಕೆಯಲ್ಲಿ ತಿಳಿಸುವುದು ಒಳ್ಳೆಯದು. ಶಬ್ದಪ್ರಯೋಗಗಳನ್ನು ಎಣಿಸಿ ನಿರ್ಣಯ ಹೇಳುವ ವಿದ್ಯಾರ್ಥಿಗಳು, ಎಣಿಸುವ ಮುನ್ನ ಸಂಗ್ರಹದಲ್ಲಿರುವ ಬರವಣಿಗೆಗಳನ್ನು ಒಂದೇ ಬಗೆಗೆ ತಂದುಕೊಳ್ಳಬೇಕು. ಇಲ್ಲವಾದರೆ ಅವರ ಎಣಿಕೆ ಭಾಷೆಯನ್ನು ಎಣಿಸದೆ ಯಂತ್ರದ ಚರಿತ್ರೆಯನ್ನು ಎಣಿಸುತ್ತದೆ. ಮಲಯಾಳದ ಅಕ್ಷರಶಿಲ್ಪಿಗಳು ತಮ್ಮ ಪಾಲಿನ ಕೆಲಸವನ್ನು ಶ್ರದ್ಧೆಯಿಂದ ಮಾಡಿ, ಕಳೆದುಹೋಗುತ್ತಿದ್ದ ರೂಪಗಳನ್ನು ತೆರೆಯ ಮೇಲೆ ಉಳಿಸಿದ್ದಾರೆ. ಆ ರೂಪಗಳ ಹಿಂದಿರುವ ಶಬ್ದವು ಒಂದಾಗಿಯೇ ಉಳಿಯುವಂತೆ ನೋಡಿಕೊಳ್ಳುವ ಭಾರ ಮಾತ್ರ ಶಿಲ್ಪಿಗಳ ಮೇಲಿಲ್ಲ. ಅದು ಭಾಷೆಯನ್ನು ಬಲ್ಲವರ ಮೇಲಿದೆ.